ನಲವತ್ತಡಿ ನಾಯಕನ ಕೆನ್ನೆಗೆ ಬಿದ್ದ ಕತ್ತಿ

ಕಳೆದ ತಿಂಗಳು ದಿಂಡಿಗಲ್ಲಿನ ನಮ್ಮ ಬೀದಿಯ ಮೂಲೆಯಲ್ಲಿ ಯಾರದೋ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಕಾಲೇಜಿಗೆ ಹೊರಟಿದ್ದ ನಾನು ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತಿದ್ದೆ. ಅಂಗಡಿಯವರು ಅಂದೇಕೋ ಏಲಕ್ಕಿಯನ್ನು ಧಾರಾಳವಾಗಿ ಹಾಕಿದ್ದರು. ಗೇಟಿನ ಕಡೆಯಿಂದ ಎನಾಮೆಲ್ ಬಣ್ಣದ ವಾಸನೆ, ಲೋಟದಿಂದ ಏಲಕ್ಕಿಯ ವಾಸನೆ. ಒಂದೊಂದಾಗಿ ಬಂದರೆ ನನಗೇನೂ ಆಗುವುದಿಲ್ಲ. ಎರಡೂ ಒಟ್ಟಿಗೆ ಬಂದವು ನೋಡಿ, ಎಡಗೈ ತಾನಾಗಿ ಮುಷ್ಟಿ ಕಟ್ಟಿತು, ಹಗ್ಗ ಹಿಡಿದವರ ಹಾಗೆ. ಲೋಟ ಬಲಗೈಯಲ್ಲಿದ್ದುದರಿಂದ ಸೀರೆ ಉಳಿಯಿತು. ಎಡಗೈ ಮಾತ್ರ ಯಾಕೆ ಹೀಗೆ ಮಾಡುತ್ತದೆ ಎಂದು ನಾನು ಅದುವರೆಗೆ ಕೇಳಿಕೊಂಡಿರಲಿಲ್ಲ.

ಮೂರು ವರ್ಷವಾಯಿತು. ಈಗಲೂ ಗಾಳಿ ಜೋರಾದ ದಿನ ರಸ್ತೆಯಲ್ಲಿ ನಡೆಯುವಾಗ ತಲೆಯೆತ್ತಿ ಬ್ಯಾನರುಗಳನ್ನೇ ನೋಡುತ್ತಿರುತ್ತೇನೆ. ಗಾಳಿ ತೂರಿಹೋಗಲು ಸೀಳು ಬಿಟ್ಟಿದ್ದಾರೋ ಇಲ್ಲವೋ ನೋಡುತ್ತೇನೆ, ಇಲ್ಲದಿದ್ದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ನಾನು ಭೌತಶಾಸ್ತ್ರ ಕಲಿಸುವವಳಾದ್ದರಿಂದ ನನ್ನ ವಿದ್ಯಾರ್ಥಿಗಳು ಇದನ್ನು ಪಾಂಡಿತ್ಯವೆಂದು ತಿಳಿದಿದ್ದಾರೆ. ನಿಂತ ಹಲಗೆಯ ಮೇಲೆ ಗಾಳಿಯ ಒತ್ತಡ ಎಷ್ಟು ಎಂಬ ಪ್ರಶ್ನೆ ನನ್ನ ಪರೀಕ್ಷೆಯಲ್ಲಿ ಪ್ರತಿ ವರ್ಷವೂ ಬರುತ್ತದೆ. ಮಕ್ಕಳು ಅದನ್ನು ಕಣ್ಣು ಮುಚ್ಚಿ ಬಿಡಿಸುತ್ತಾರೆ. ಬಿಡಿಸಬೇಕಾದ ದಿನ ನಾನು ಬಿಡಿಸಲಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ.

ನಮ್ಮದು ಕಂಬಂ ಪಕ್ಕದ ಹಳ್ಳಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಕೆಲವು ನೂರು ವರ್ಷಗಳ ಹಿಂದೆ ದನ ಹೊಡೆದುಕೊಂಡು ಇಲ್ಲಿಗೆ ಬಂದರಂತೆ. ಅವರ ಜೊತೆ ಬಂದ ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ಆ ಅಕ್ಷರ ನನಗೆ ಸಿಕ್ಕಿದ್ದು ಗುರುಸಾಮಿ ಮಾಮನ ಪೆಟ್ಟಿಗೆಯಲ್ಲಿ.

ಗುರುಸಾಮಿ ಮಾಮ ನನ್ನ ಅಮ್ಮನ ತಮ್ಮ. ಹರೆಯದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಕಂಪ್ಯೂಟರಿನಲ್ಲಿ ಅಚ್ಚಾದ ಬ್ಯಾನರುಗಳು ಬಂದ ಮೇಲೆ ಅವರ ಕುಂಚಕ್ಕೆ ಟ್ರ್ಯಾಕ್ಟರಿನ ಹಿಂಬದಿ ಮತ್ತು ಶಾಲೆಯ ಗೋಡೆ ಮಾತ್ರ ಉಳಿದವು. ಆದರೆ ಮನೆಯಲ್ಲಿ ಅವರಿಗೆ ಒಬ್ಬ ಖಾಯಂ ಪ್ರೇಕ್ಷಕಿ ಇದ್ದಳು, ನನ್ನ ಅಜ್ಜಿ. ಅಜ್ಜಿಗೆ ಮಂಡಿ ನೋವು, ಟಾಕೀಸಿನ ಮೆಟ್ಟಿಲು ಹತ್ತಲಾಗದು. ಹಾಗಾಗಿ ಮಾಮ ಮೊದಲ ದಿನ ಮೊದಲ ಆಟ ನೋಡಿ ಬಂದು, ಎರಡು ದಿನ ಕೂತು, ಇಡೀ ಸಿನಿಮಾವನ್ನು ನೋಟುಪುಸ್ತಕದಲ್ಲಿ ಚೌಕ ಚೌಕವಾಗಿ ಚಿತ್ರಕಥೆ ಮಾಡಿ ಬರೆದು ಅವಳ ಮುಂದಿಡುತ್ತಿದ್ದರು. ಬಾಯಿಂದ ಹೊರಟ ಗುಳ್ಳೆಗಳಲ್ಲಿ ತಮಿಳು ಮಾತು. ಓದು ಬಾರದ ಅಜ್ಜಿಗೆ ನಾನು ಓದಿ ಹೇಳುತ್ತಿದ್ದೆ. ಅಜ್ಜಿಯ ವಿಮರ್ಶೆ ಯಾವ ಪತ್ರಿಕೆಗೂ ಕಡಿಮೆ ಇರಲಿಲ್ಲ. "ಬರೀ ಕೂದ್ಲನ್ನೇ ಎಲ್ಡ್ ಪುಟ ಬರ್ದಿದ್ಯಲ್ಲಲಾ, ಕತೆ ಎಲ್ಲಿ?" ಎಂದು ಕೇಳುವಳು. ಅದು ನಮ್ಮ ನಟನ ಕೂದಲು, ಎರಡು ಪುಟಕ್ಕೆ ಯೋಗ್ಯವಾದದ್ದೇ. ನಟ ಯಾರೆಂದು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ನನ್ನ ಪಕ್ಷ, ಇನ್ನರ್ಧ ಶತ್ರುಪಕ್ಷ ಆಗಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅವರನ್ನು ತಲೈವರ್ ಎನ್ನುತ್ತಿದ್ದೆವು, ನಾಯಕ ಎಂಬ ಅರ್ಥದಲ್ಲಿ.

ಒಮ್ಮೆ ಮಾಮ ದ್ರಾಕ್ಷಿ ಲಾರಿಯ ಜೊತೆ ಬೆಂಗಳೂರಿಗೆ ಹೋದವರು ಫುಟ್‌ಪಾತಿನಿಂದ ಒಂದು ಕಟ್ಟು ಕನ್ನಡ ಚಿತ್ರಕಥೆಗಳನ್ನು ತಂದರು. ಚಿತ್ರ ಚೆನ್ನಾಗಿದೆ ಎಂದು ತಂದರಷ್ಟೆ, ಮನೆಯಲ್ಲಿ ಒಬ್ಬರಿಗೂ ಆ ಅಕ್ಷರ ಬಾರದು. ಐದನೇ ಕ್ಲಾಸಿನಲ್ಲಿದ್ದ ನಾನು ಚಿತ್ರ ನೋಡಿ ಮಾತು ಊಹಿಸಿದೆ. ಪೆಟ್ಟು ತಿಂದವನ ಬಾಯಿಂದ ಒಂದೇ ಥರದ ಗುಳ್ಳೆ ಬರುತ್ತಿತ್ತು. ಪೆಟ್ಟು ತಿಂದವರು ನಮ್ಮ ಮನೆಯಲ್ಲಿ ಏನೆನ್ನುತ್ತಾರೋ ಅವನೂ ಅದನ್ನೇ ಅಂದಿರಬೇಕು. ಹಾಗೆ ನಾನು ಓದಿದ ಮೊದಲ ಕನ್ನಡ ಪದ 'ಅಯ್ಯೋ'. ಅಲ್ಲಿಂದ ಒಂದೊಂದೇ ಅಕ್ಷರ ಕಿತ್ತುಕೊಂಡು ಇಲ್ಲಿಯವರೆಗೆ ಬಂದಿದ್ದೇನೆ.

ಈಗ ಮೂರು ವರ್ಷದ ಹಿಂದಿನ ಆ ಆಡಿ ತಿಂಗಳಿಗೆ, ಕನ್ನಡದ ಆಷಾಢದ ಹೊತ್ತಿಗೆ, ಬರುತ್ತೇನೆ. ಎಂ.ಎಸ್ಸಿ. ಮುಗಿಸಿ, ಕೆಲಸದ ಪತ್ರಕ್ಕೆ ಕಾಯುತ್ತ ಊರಿನಲ್ಲಿದ್ದೆ. ತಲೈವರ್ ಸಿನಿಮಾ ಬಂದು ಎರಡು ವರ್ಷವಾಗಿತ್ತು. ಹೊಸದು ಬರುತ್ತದೆ ಎಂದಾಗ ಕಂಬಂನ ಅಭಿಮಾನಿಗಳ ಸಂಘ ಸಭೆ ಸೇರಿ, ಈ ಸಲ ಅಚ್ಚಿನ ಬ್ಯಾನರ್ ಬೇಡ, ಗುರುಸಾಮಿಯ ಕೈಯಿಂದಲೇ ನಲವತ್ತಡಿ ಕಟೌಟ್ ಬರೆಸೋಣ ಎಂದು ತೀರ್ಮಾನಿಸಿತು. ಸಂಘದ ಅಧ್ಯಕ್ಷ ಚಿನ್ನರಾಜಣ್ಣ ಬಂದು ಈ ಸುದ್ದಿ ಹೇಳಿದಾಗ ಮಾಮ ಒಳಗೆ ಹೋಗಿ, ಹಳೆಯ ಕುಂಚಗಳನ್ನು ಡಬ್ಬಿಯಿಂದ ತೆಗೆದು, ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿದರು. ಕೂದಲು ಗಡುಸಾಗಿದೆಯೋ ಎಂದು ಪರೀಕ್ಷೆಯಂತೆ. ಅಜ್ಜಿ, "ಕಟ್ಕೊಂಡ ಹೆಂಡ್ತೀನೂ ಇಷ್ಟು ಮುದ್ದು ಮಾಡ್ಲಿಲ್ಲ ಇವ್ನು" ಎಂದಳು.

ಇಪ್ಪತ್ತು ದಿನ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಕೆಲಸ ನಡೆಯಿತು. ಅಂಗೈಯಗಲದ ಚಿತ್ರಕ್ಕೆ ಚೌಕ ಹಾಕಿ, ಸುಣ್ಣದ ದಾರದಿಂದ ಅದೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಹೊಡೆದು, ಒಂದೊಂದೇ ಚೌಕವನ್ನು ತುಂಬುವುದು. ಹತ್ತಿರದಿಂದ ನೋಡಿದರೆ ಹುಬ್ಬು ಯಾವುದು ಮೀಸೆ ಯಾವುದು ತಿಳಿಯದು. ತೋಟದ ಅಂಚಿನಿಂದ ನೋಡಿದರೆ ತಲೈವರ್ ಮುಗುಳ್ನಗುತ್ತಿದ್ದರು. ಅಂಗಿಯ ಗುಂಡಿಗಳು ನನ್ನವು. ತಟ್ಟೆಯಷ್ಟು ದೊಡ್ಡ ಏಳು ಗುಂಡಿಗಳನ್ನು ನಾನು ಬರೆದೆ, ಒಂದೊಂದಕ್ಕೂ ನಾಲ್ಕು ತೂತು, ತೂತಿನಲ್ಲಿ ದಾರ. ಆ ಇಪ್ಪತ್ತು ದಿನಗಳಷ್ಟು ಸಂತೋಷದಿಂದ ನಾನು ಯಾವ ಪ್ರಯೋಗಶಾಲೆಯಲ್ಲೂ ಕೆಲಸ ಮಾಡಿಲ್ಲ.

ಸರ್ವೆ ಕಂಬಗಳ ಚೌಕಟ್ಟು, ಕಟ್ಟುವ ಕಂಬಿ, ಎಲ್ಲ ಚಿನ್ನರಾಜಣ್ಣನ ಹೊಣೆ. ಅವರು ದ್ರಾಕ್ಷಿ ಚಪ್ಪರ ಹಾಕುವುದರಲ್ಲಿ ಕಣಿವೆಗೇ ಹೆಸರಾದವರು. ಅವರು ಬಿಗಿದ ಕಂಬಿಯನ್ನು ಮೀಟಿದರೆ ವೀಣೆಯ ಹಾಗೆ ನುಡಿಯುತ್ತದೆ. ಕಟೌಟನ್ನೂ ಅವರು ಚಪ್ಪರದ ಲೆಕ್ಕದಲ್ಲೇ ಕಟ್ಟಲು ಹೊರಟರು. ಭಾರ ಮೇಲಿನಿಂದ ಬರುತ್ತದೆ, ಕೆಳಗೆ ಗಟ್ಟಿಯಾಗಿ ಹಿಡಿದರೆ ಸಾಕು ಎನ್ನುವ ಲೆಕ್ಕ. ಆದರೆ ಚಪ್ಪರದಲ್ಲಿ ಎಲೆಗಳ ನಡುವೆ ಗಾಳಿ ಆಡುತ್ತದೆ. ಬಣ್ಣ ಕುಡಿದು ರಟ್ಟಿನಂತಾದ ನಲವತ್ತಡಿ ಬಟ್ಟೆ ಹಡಗಿನ ಹಾಯಿಯ ಹಾಗೆ. ಅದರಲ್ಲೂ ಆಡಿ ತಿಂಗಳು. ಕುಮುಳಿ ಕಣಿವೆಯ ಬಾಯಿಂದ ನುಗ್ಗುವ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ನಮ್ಮಲ್ಲಿ ಗಾದೆಯೇ ಇದೆ.

ನಾನು ಹೇಳಿದೆ. ಹೇಳಲಿಲ್ಲವೆಂದಲ್ಲ. ಬಟ್ಟೆಯಲ್ಲಿ ಅಲ್ಲಲ್ಲಿ ಬಿದಿಗೆ ಚಂದ್ರನ ಆಕಾರಕ್ಕೆ ಸೀಳು ಕೊಡಬೇಕು, ಗಾಳಿ ಬಂದಾಗ ಆ ತುಂಡು ಹಿಂದಕ್ಕೆ ಮಡಚಿಕೊಂಡು ದಾರಿ ಬಿಡುತ್ತದೆ ಎಂದು ಎಲ್ಲರ ಮುಂದೆ ಕೈಯಿಂದ ಗಾಳಿಯಲ್ಲಿ ಅರ್ಧ ವೃತ್ತ ಗೀರಿ ತೋರಿಸಿದೆ. ಚಿನ್ನರಾಜಣ್ಣ ನನ್ನನ್ನೂ, ನೆಲದ ಮೇಲೆ ಹಾಸಿದ್ದ ಅಷ್ಟಗಲದ ಎದೆಯನ್ನೂ ನೋಡಿದರು.

"ತಲೈವರ್ ಮೈಗೆ ಕತ್ತಿ ಹಾಕಾದಾ ಪಾಪ? ಇದೇನಾ ಕಾಲೇಜ್‌ನಾಗೆ ಕಲ್ಸಿದ್ದು?"

ಯಾರೋ ಮೆಲ್ಲಗೆ, ಆ ಕೆಲಸ ಶತ್ರುಪಕ್ಷದವರು ತಾನೆ ಮಾಡುವುದು ಎಂದರು. ಎಲ್ಲರೂ ನಕ್ಕರು. ಮಾಮ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ನೀ ಓದ್ದವಳು. ನೀನೇ ಹೇಳು. ಬೇಕೇ ಬೇಕಾ?"

ನಾನು ಎದೆಯನ್ನು ನೋಡಿದೆ. ಸೀಳು ಬೀಳಬೇಕಾದ ಕಡೆಯಲ್ಲೇ ನನ್ನ ಗುಂಡಿಗಳಿದ್ದವು. ಅದರ ಮೇಲೆ ಆ ಮುಖ. ಆ ಕೆನ್ನೆಯ ನೆರಳಿಗೆ ಮಾಮ ಮೂರು ದಿನ ತೆಗೆದುಕೊಂಡಿದ್ದರು. ಒಂದು ವಾರದಿಂದ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ.

"ಬ್ಯಾಡ ಮಾಮಾ. ತಾಳ್ತದೆ," ಎಂದೆ.

ರಸ್ತೆಯಲ್ಲಿ ಕಟೌಟ್ ನಿಲ್ಲಿಸಲು ಈಗ ಬಿಡುವುದಿಲ್ಲವಾದ್ದರಿಂದ ಟಾಕೀಸಿನ ಕಾಂಪೌಂಡಿನ ಒಳಗೇ ನಿಲ್ಲಿಸಿದರು. ಬಿಡುಗಡೆಯ ದಿನ ಒಂಬತ್ತು ಗಂಟೆಗೆ ಆಟ. ಏಳಕ್ಕೇ ಜನ ತುಂಬಿದ್ದರು, ತಮಟೆ ಶುರುವಾಗಿತ್ತು. ಏಲಕ್ಕಿ ವ್ಯಾಪಾರದ ಊರಾದ ಬೋಡಿನಾಯಕನೂರಿನ ಅಭಿಮಾನಿಗಳು ಏಲಕ್ಕಿ ಪೋಣಿಸಿದ ಮಾರುದ್ದದ ಹಾರ ತಂದು ನಾಯಕನ ಪಾದಕ್ಕೆ ಹಾಕಿದರು. ಇಡೀ ಕಾಂಪೌಂಡು ಹಸಿ ಬಣ್ಣ ಮತ್ತು ಏಲಕ್ಕಿಯಿಂದ ಘಮಗುಟ್ಟಿತು. ಕಟೌಟಿನ ಎರಡೂ ಕಣ್ಣು ಇನ್ನೂ ಬಿಳಿಯಾಗಿದ್ದವು. ಹಳೆಯ ಬ್ಯಾನರ್ ಕಲಾವಿದರ ಪದ್ಧತಿ ಅದು, ವಿಗ್ರಹ ಕೆತ್ತುವವರ ಹಾಗೆ. ಕಣ್ಣು ಕೊನೆಗೆ. ಚಿತ್ರ ಎದ್ದು ನಿಂತ ಮೇಲೆ, ಜನರೆದುರಿಗೆ.

ಕಟೌಟಿನ ಹಿಂದೆ ಕಟ್ಟಿದ್ದ ಸಾರವೆಯ ತುದಿಯಿಂದ ಮುಖದ ಮುಂದಕ್ಕೆ ಒಂದು ಹಲಗೆಯನ್ನು ಉಯ್ಯಾಲೆಯಂತೆ ಇಳಿಬಿಟ್ಟಿದ್ದರು. ಮಾಮ ಅದರ ಮೇಲೆ ಕುಳಿತರು. ಸೊಂಟಕ್ಕೆ ಹಗ್ಗ, ಒಂದು ಕಡೆ ಬಣ್ಣದ ಡಬ್ಬಿ, ಇನ್ನೊಂದು ಕಡೆ ಬಟ್ಟೆಯ ಅಂಚು ಕತ್ತರಿಸುವ ಬಾಗಿದ ಕತ್ತಿ. ಹಲಗೆ ಅಲುಗದಂತೆ ಅದಕ್ಕೆ ಕಟ್ಟಿದ ಹಗ್ಗವನ್ನು ಕೆಳಗೆ ನಾನು ಹಿಡಿದು ನಿಂತೆ. ಆ ಜಾಗ ನನಗೆ ಬೇಕೆಂದು ಜಗಳವಾಡಿ ಪಡೆದಿದ್ದೆ. ಮಾಮ ಎಡಗಣ್ಣು ಬರೆದರು. ಕಪ್ಪಿನ ನಡುವೆ ಒಂದು ಬಿಳಿಯ ಚುಕ್ಕೆ ಇಟ್ಟದ್ದೇ ತಡ, ಆ ಕಣ್ಣು ನಮ್ಮೆಲ್ಲರನ್ನೂ ನೋಡಿತು. ಶಿಳ್ಳೆ ಮುಗಿಲು ಮುಟ್ಟಿತು.

ಶಿಳ್ಳೆಯಿಂದಾಗಿ ಮೊದಲ ಸದ್ದು ನಮಗೆ ಕೇಳಿಸಲಿಲ್ಲ. ಪಡುವಣ ದಿಕ್ಕಿನ ತೆಂಗುಗಳ ಗರಿಯೆಲ್ಲ ಒಮ್ಮೆಲೇ ಒಂದೇ ಕಡೆಗೆ ತಿರುಗಿದ್ದನ್ನು ಕಂಡೆ. ಆಮೇಲೆ ಟಾಕೀಸಿನ ಟೀ ಅಂಗಡಿಯ ತಗಡು ಎದ್ದಿತು. ಆಮೇಲೆ ದೂಳು. ಗಾಳಿ ಕಟೌಟಿನ ಹಿಂದಿನಿಂದ ಬಂದು ಬಟ್ಟೆಯನ್ನು ತುಂಬಿಕೊಂಡಿತು. ನಾಯಕನ ಕೆನ್ನೆ ಉಬ್ಬಿತು, ಎದೆ ಉಬ್ಬಿತು, ನಲವತ್ತಡಿ ದೇಹ ಉಸಿರು ಎಳೆದುಕೊಂಡ ಹಾಗೆ ಮುಂದಕ್ಕೆ ಬಾಗಿತು. ಚಿನ್ನರಾಜಣ್ಣನ ಕಂಬಿಗಳು ಹಾಡತೊಡಗಿದವು. ಆ ಸ್ವರ ಏರುತ್ತ ಏರುತ್ತ ಹೋಗಿ ಒಂದು ಕಂಬಿ ಟಂಗ್ ಎಂದು ಹರಿಯಿತು. ಈಗಲೂ ಕ್ಲಾಸಿನಲ್ಲಿ ಯಾರ ಕೈಯಿಂದಾದರೂ ಕಂಪಾಸು ಬಿದ್ದರೆ ನಾನು ಮಾತು ನಿಲ್ಲಿಸುವುದು ಆ ಸದ್ದಿಗೆ.

ಜನ ಚೆದುರಿದರು. ಚಿನ್ನರಾಜಣ್ಣ ಮತ್ತು ಹತ್ತು ಹನ್ನೆರಡು ಮಂದಿ ಓಡಿಹೋಗಿ ಉಳಿದ ಕಂಬಿಗಳಿಗೆ ಜೋತುಬಿದ್ದರು. ಹಲಗೆ ಮಾಮನನ್ನು ಹೊತ್ತು ಹೊರಕ್ಕೆ ತೂಗಿ, ಹಿಂದಕ್ಕೆ ಬಂದು ಮೂಗಿಗೆ ಬಡಿಯಿತು. ಮತ್ತೆ ತೂಗಿತು, ಮತ್ತೆ ಬಡಿಯಿತು. ಹಿಂದಿನ ಸಾರವೆ ಕಿರುಗುಟ್ಟುತ್ತಿತ್ತು. ಕಟೌಟ್ ಬಿದ್ದರೆ ಮಾಮ ಅದರ ಅಡಿಗೆ, ನಾನೂ ಅದರ ಅಡಿಗೆ. ಬೇಕಾದ ಉತ್ತರ ನನ್ನಲ್ಲಿ ಇತ್ತು. ಸೀಳು. ಕೂಗಬೇಕು ಎಂದು ಬಾಯಿ ತೆರೆದೆ.

ಮೂರು ವರ್ಷ ನಾನು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದ್ದು ಈ ಒಂದು ಗಳಿಗೆಯನ್ನು. ನಾನು ಕೂಗಿದೆನೇ? ಬಾಯಿ ತೆರೆದದ್ದು ನೆನಪಿದೆ, ಸ್ವರ ಹೊರಟದ್ದು ನೆನಪಿಲ್ಲ. ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಲ್ಲಿನಂತೆ ನಿಂತಿದ್ದೆ ಎಂದೇ ಅಂದುಕೊಂಡಿದ್ದೆ. ಬೇಡವಾದ ದಿನ 'ತಾಳ್ತದೆ' ಎಂದವಳು ಬೇಕಾದ ದಿನ ಮೂಕಿಯಾದಳು ಎಂಬುದೇ ನನ್ನ ತೀರ್ಪು.

ಮಾಮ ಕೆಳಗೆ ನನ್ನ ಕಡೆ ನೋಡಿದರು. ನೋಡಿ, ಸೊಂಟದ ಕತ್ತಿ ಕಿತ್ತು, ಮೂರು ದಿನ ಕೂತು ನೆರಳು ಕೊಟ್ಟ ಆ ಬಲಗೆನ್ನೆಗೆ ಹಾಕಿದರು. ಅರ್ಧ ವೃತ್ತ ಎಳೆದರು. ಬಟ್ಟೆ ಫಟ್ಟೆಂದು ಹೊರಕ್ಕೆ ಮಡಚಿಕೊಂಡಿತು. ಹಲಗೆ ತೂಗಿ ಎಡಕ್ಕೆ ಬಂದಾಗ ಎಡಗೆನ್ನೆಗೆ ಒಂದು. ಗದ್ದದ ಕೆಳಗೆ ಎರಡು, ಕುತ್ತಿಗೆಗೆ ಎರಡು, ಕೈಗೆಟುಕಿದ ಕಡೆಯೆಲ್ಲ. ಒಂದೊಂದು ಸೀಳಿಗೂ ನಾಯಕನ ದೇಹ ಒಂದಿಷ್ಟು ಸಡಿಲವಾಯಿತು, ಕಂಬಿಗಳ ಸ್ವರ ಇಳಿಯಿತು. ಕೊನೆಗೆ ಗಾಳಿ ಆ ಸೀಳುಗಳಿಂದಲೇ ತೂರಿ ಹೋಗತೊಡಗಿದಾಗ ಇಡೀ ಮುಖದಿಂದ ಉದ್ದನೆಯ ಶಿಳ್ಳೆ ಹೊರಟಿತು. ಮೂಲೆಯಲ್ಲಿ ಅವಿತಿದ್ದ ಜನ ಒಬ್ಬೊಬ್ಬರೇ ತಲೆಯೆತ್ತಿದರು. ತಲೈವರ್ ತಾವೇ ಶಿಳ್ಳೆ ಹೊಡೆಯುತ್ತಿದ್ದಾರೆ ಎಂದು ಯಾರೋ ಹೇಳಿದರು. ಎಲ್ಲರೂ ಶಿಳ್ಳೆಯಿಂದಲೇ ಉತ್ತರ ಕೊಟ್ಟರು.

ಹಿಂದಿನಿಂದ ಹತ್ತಿದವರು ಹಲಗೆಯನ್ನು ಎಳೆದುಕೊಳ್ಳಲು ಬಂದರೆ ಮಾಮ ಒಪ್ಪಲಿಲ್ಲ. ಹಣೆಯಿಂದ ರಕ್ತ ಸೋರುತ್ತಿತ್ತು. "ಇರ್ರಲಾ, ಇನ್ನೊಂದ್ ಕಣ್ಣು ಬಾಕಿ ಐತೆ," ಎಂದು, ಅಷ್ಟು ಗಾಳಿಯಲ್ಲೂ ಬಲಗಣ್ಣು ಬರೆದು, ಬಿಳಿ ಚುಕ್ಕೆ ಇಟ್ಟು, ಆಮೇಲೆ ಇಳಿದರು. ಹಣೆಗೆ ನಾಲ್ಕು ಹೊಲಿಗೆ. ಆಸ್ಪತ್ರೆಯಿಂದ ನೇರವಾಗಿ ಟಾಕೀಸಿಗೆ ಹೋಗಿ ಆಟದ ಕೊನೆಯ ಅರ್ಧ ಗಂಟೆ ನೋಡಿದರು.

ಸಿನಿಮಾ ಹತ್ತೇ ದಿನ ಓಡಿತು. ಅಭಿಮಾನ ಬದಿಗಿಟ್ಟು ಹೇಳುವುದಾದರೆ ಅಷ್ಟು ಓಡಿದ್ದೇ ಹೆಚ್ಚು. ಕಟೌಟ್ ಮಾತ್ರ ಆಡಿ ಮುಗಿಯುವವರೆಗೆ ನಿಂತಿತ್ತು. ಆಡಿ ಅಮ್ಮನ ತಿಂಗಳು, ಮಾರಿಯಮ್ಮನದು. ಕೆನ್ನೆಯ ತುಂಬ ಗುಳಿ ಬಿದ್ದ ನಾಯಕನನ್ನು ನೋಡಿದ ಮುದುಕಿಯರು, ಇವನಿಗೂ ಅಮ್ಮ ಬಂದು ಹೋಗಿದ್ದಾಳೆ, ಸಿಡುಬಿನ ಗುರುತು ನೋಡು ಎಂದು ಪಾದದ ಬಳಿ ಬೇವಿನ ಸೊಪ್ಪು ಇಟ್ಟು ಹೋಗತೊಡಗಿದರು. ಮೈಗೆ ಕತ್ತಿ ಬೇಡವೆಂದಿದ್ದ ಚಿನ್ನರಾಜಣ್ಣ, ಇದೆಲ್ಲ ಮೊದಲೇ ಆಲೋಚಿಸಿ ಮಾಡಿದ್ದೆಂಬಂತೆ ಬಂದವರಿಗೆಲ್ಲ ಸೀಳುಗಳ ವಿಜ್ಞಾನ ವಿವರಿಸುತ್ತ ನಿಂತಿರುತ್ತಿದ್ದರು. ಕೈಯಿಂದ ಗಾಳಿಯಲ್ಲಿ ಅರ್ಧ ವೃತ್ತ ಗೀರುತ್ತಿದ್ದ ರೀತಿ ನನ್ನದೇ.

ನಾನು ಅದನ್ನು ನೋಡಿ ನಗಲಿಲ್ಲ. ವಾರದೊಳಗೆ ದಿಂಡಿಗಲ್ಲಿನಿಂದ ಕೆಲಸದ ಪತ್ರ ಬಂತು, ಹೊರಟುಬಿಟ್ಟೆ. ಆಮೇಲೆ ಊರಿಗೆ ಹೋದಾಗಲೆಲ್ಲ ಆ ದಿನದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದೆ. ಮನೆಯವರೂ ಎತ್ತುವುದನ್ನು ಬಿಟ್ಟರು.

ಟೀ ಅಂಗಡಿಯ ಎದುರು ಮುಷ್ಟಿ ಬಿಗಿದುಕೊಂಡು ನಿಂತ ಆ ಶನಿವಾರ ನಾನು ಕಾಲೇಜಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಂಬಂ ಬಸ್ ಹತ್ತಿದೆ. ತೇನಿ ದಾಟಿದ ಮೇಲೆ ಗಾಳಿ ಕಿಟಕಿಯನ್ನು ಅಲುಗಿಸತೊಡಗಿತು, ಮತ್ತೆ ಆಡಿ. ಮನೆಗೆ ಬಂದಾಗ ಅಜ್ಜಿ ಜಗುಲಿಯಲ್ಲಿ ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಮಾಮ ಯಾವುದೋ ಶಾಲೆಯ ಗೋಡೆಗೆಂದು ಕಾಗದದ ಮೇಲೆ ನವಿಲಿನ ಅಳತೆ ಹಾಕುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಕೇಳಿದೆ.

"ಮಾಮಾ, ಅವತ್ತು ನಾ ಕೂಗಿದ್ದು ನಿಂಗೆ ಕೇಳ್ತಾ?"

ಮಾಮ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು. "ಕೂಗ್ದ್ಯಾ? ನೀ ಎಲ್ಲಿ ಕೂಗ್ದೆ?"

ಅವರು ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಒಂದು ನೋಟುಪುಸ್ತಕ ತಂದರು. ಆ ದಿನದ ಚಿತ್ರಕಥೆ. ಹಣೆಯ ಹೊಲಿಗೆ ಬಿಚ್ಚುವ ಮುಂಚೆಯೇ ಬರೆದದ್ದಂತೆ. ನಾನು ಎದ್ದು ಹೋಗುತ್ತೇನೆಂದು ತೋರಿಸಿರಲಿಲ್ಲ. ತಮಟೆ, ಹಾರ, ತೆಂಗಿನ ಗರಿ, ಕಂಬಿಗೆ ಜೋತುಬಿದ್ದ ಚಿನ್ನರಾಜಣ್ಣನ ಜಾರಿದ ಪಂಚೆ, ಯಾವುದನ್ನೂ ಬಿಟ್ಟಿರಲಿಲ್ಲ. ಪ್ರತಿಯೊಬ್ಬರ ಬಾಯಿಂದಲೂ ಗುಳ್ಳೆ ಹೊರಟಿತ್ತು. ಒಂದು ಇಡೀ ಪುಟದಲ್ಲಿ, ಮೇಲಿನಿಂದ ನೋಡಿದ ಹಾಗೆ, ನಾನು. ಬಾಯಿ ತೆರೆದಿದೆ, ಗುಳ್ಳೆ ಖಾಲಿ. ಎಡಗೈಯಲ್ಲಿ ಮಾತ್ರ ಹಗ್ಗ. ಬಲಗೈ ತಲೆಯ ಮೇಲಕ್ಕೆ ಚಾಚಿದೆ, ಅದರ ತುದಿಯಲ್ಲಿ ಗಾಳಿಯಲ್ಲಿ ಎಳೆದ ಅರ್ಧ ವೃತ್ತ. ಆ ಗೆರೆಯನ್ನು ಮಾಮ ಮತ್ತೆ ಮತ್ತೆ ಎಳೆದಿದ್ದರು. ನಾನು ಒಂದಲ್ಲ ಹತ್ತು ಸಲ ಗೀರಿದಂತೆ ಕಾಣುತ್ತಿತ್ತು.

"ಆ ಗಾಳೀಲಿ ಕೂಗಿದ್ರೆ ಯಾರ್ಗೆ ಕೇಳ್ತದೆ?" ಎಂದರು ಮಾಮ. "ನೀ ಕೈಯಾಗೆ ಬರ್ದೆ. ನಾ ಕುಯ್ದೆ."

ನಾನು ಅಲ್ಲೇ ಜಗುಲಿಯಲ್ಲಿ ಕೂತೆ. ಆದರೆ ತಾಳುತ್ತದೆ ಎಂದವಳೂ ನಾನೇ ತಾನೆ ಎಂದೆ. ಮಾಮ ಹಣೆಯ ಗುರುತನ್ನು ಸವರಿಕೊಂಡರು. ನಾಚಿಕೆಯಾದಾಗ ಅವರು ಮಾಡುವ ಕೆಲಸ ಅದು.

"ಅಷ್ಟ್ ವರ್ಷ ಬ್ಯಾನರ್ ಕಟ್ಟಿದವ್ನು ನಾನು. ಸೀಳು ಬೇಕೂಂತ ನಂಗ್ ತಿಳೀದಾ? ನೀ ಬ್ಯಾಡ ಅನ್ಲೀಂತ ತಾನೆ ನಿನ್ ಕೇಳಿದ್ದು."

ನಾನು ಅವರ ಮುಖ ನೋಡಿದೆ. ಅಲ್ಲಿ ಕೂತಿದ್ದವರು ನನ್ನಂಥವರೇ ಆದ ಇನ್ನೊಬ್ಬ ಅಭಿಮಾನಿ, ಅಷ್ಟೇ. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಆ ದಿನ ನೆನೆದು ನಗು ಬಂತು.

ಅಜ್ಜಿ ನೋಟುಪುಸ್ತಕವನ್ನು ತನ್ನ ತೊಡೆಗೆ ಎಳೆದುಕೊಂಡು ಪುಟದ ಮೇಲೆ ಬೆರಳಿಟ್ಟಳು. ಎಲ್ಲರ ಬಾಯಲ್ಲೂ ಮಾತಿದೆ, ಇವಳ ಬಾಯಲ್ಲಿ ಯಾಕಿಲ್ಲ ಎಂದು ಕೇಳಿದಳು. ಅದನ್ನು ಅವಳೇ ಬರೆಯಲಿ ಎಂದು ಖಾಲಿ ಬಿಟ್ಟಿದ್ದೇನೆ ಎಂದು ಹೇಳಿ ಮಾಮ ಕಿವಿಯ ಪೆನ್ಸಿಲ್ ತೆಗೆದು ನನಗೆ ಕೊಟ್ಟರು. ನಾನು ಬಹಳ ಯೋಚಿಸಲಿಲ್ಲ. ಅಂದು ಗಾಳಿಯಲ್ಲಿ ಗೀರಿದ ಆ ಬಲಗೈಯೇ ಅದನ್ನೂ ಬರೆಯಿತು, ಐದನೇ ಕ್ಲಾಸಿನಲ್ಲಿ ನಾನು ಕಿತ್ತುಕೊಂಡ ಮೊದಲ ಅಕ್ಷರಗಳಲ್ಲಿ.

"ಏನದು, ಓದು," ಎಂದಳು ಅಜ್ಜಿ.

"ಅಯ್ಯೋ," ಎಂದು ಓದಿದೆ.

ಅಜ್ಜಿ ಪುಟವನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಇಷ್ಟೊಂದ್ ಓದಿ ಅಷ್ಟೇನಾ?"